ಲದ್ದಿಹುಳುವಿನ ಊಟದ ಪಟ್ಟಿ

ಮೆಕ್ಕೆಜೋಳದ ಹೊಲಕ್ಕೆ ಹೋದಾಗ ಗಿಡದ ಸುಳಿಯೊಳಗೆ ಇಣುಕಿ ನೋಡಿ. ಎಲೆಯಲ್ಲಿ ಹರಿದಂತಹ ತೂತುಗಳು, ಸುಳಿಯಲ್ಲಿ ಮರದ ಹೊಟ್ಟಿನಂತಹ ಹಿಕ್ಕೆ ಕಂಡರೆ ಅಲ್ಲಿ ಲದ್ದಿಹುಳು ಇರುವ ಸಂಭವ ಹೆಚ್ಚು. ಅದರ ತಲೆಯ ಮೇಲೆ ತಲೆಕೆಳಗಾದ ‘ವೈ’ ಅಕ್ಷರ, ಹಿಂತುದಿಯ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳಿದ್ದರೆ ಅದು ಅಮೆರಿಕ ಮೂಲದ ‘ಫಾಲ್ ಆರ್ಮಿವರ್ಮ್’.

ವಿಜ್ಞಾನಕ್ಕೆ ಇದರ ಪರಿಚಯ ಹಳೆಯದು. ಜಾರ್ಜಿಯಾ ಪ್ರಾಂತದಲ್ಲಿ ಜಾನ್ ಆಬಟ್ ಬರೆದ ಚಿತ್ರಗಳನ್ನು ಆಧರಿಸಿ ಜೇಮ್ಸ್ ಎಡ್ವರ್ಡ್ ಸ್ಮಿತ್ 1797ರಲ್ಲಿ ಇದನ್ನು ವರ್ಣಿಸಿದರು. ಅವರು ಕೊಟ್ಟ ‘ಫ್ರುಜಿಪರ್ಡಾ’ ಎಂಬ ಹೆಸರಿನಲ್ಲೇ ಫಸಲು ನಷ್ಟದ ಸೂಚನೆಯಿದೆ. ಮುಂದೆ ಇದರ ಆತಿಥೇಯ ಸಸ್ಯಗಳ ಪಟ್ಟಿ ಬೆಳೆಯುತ್ತಲೇ ಹೋಯಿತು. 2018ರಲ್ಲಿ ಮೊಂಟೆಜಾನೊ ಮತ್ತು ಸಂಗಡಿಗರು ಹಳೆಯ ದಾಖಲೆಗಳನ್ನೆಲ್ಲ ಕೂಡಿಸಿದಾಗ ಸಂಖ್ಯೆ 353ಕ್ಕೆ ಮುಟ್ಟಿತು. ಇವು 76 ಕುಟುಂಬಗಳಿಗೆ ಸೇರಿದವು. ಹುಲ್ಲಿನ ಕುಟುಂಬದವೇ 106. ಸೂರ್ಯಕಾಂತಿ ಮತ್ತು ಅವರೆಯ ಕುಟುಂಬಗಳವು ತಲಾ 31.

ಭೌತವಿಜ್ಞಾನ ಕಲಿಸುವ ನನಗೆ ಯಾವುದೇ ಸಂಖ್ಯೆ ಕಂಡರೂ ‘ಇದನ್ನು ಅಳೆದದ್ದು ಹೇಗೆ?’ ಎಂದು ಕೇಳುವ ಅಭ್ಯಾಸ. ಗಿಡದ ಮೇಲೆ ಹುಳು ಕಂಡಿತೆಂದರೆ ಅದು ಅಲ್ಲಿಯೇ ಬೆಳೆಯುತ್ತದೆ ಎಂದಲ್ಲ. ಆಹಾರ ಮುಗಿದಾಗ ಬೆಳೆದ ಹುಳುಗಳು ದಂಡುಕಟ್ಟಿ ಪಕ್ಕದ ಗಿಡಗಳಿಗೆ ನುಗ್ಗುತ್ತವೆ; ಸೈನ್ಯದ ಹೆಸರು ಬಂದದ್ದು ಅದರಿಂದಲೇ. ಮೊಟ್ಟೆಯಿಂದ ಹೊರಬಂದ ಮರಿ ಅದೇ ಗಿಡವನ್ನು ತಿಂದು, ಕೋಶವಾಗಿ, ಪತಂಗವಾಗಿ, ಮತ್ತೆ ಮೊಟ್ಟೆಯಿಡಬಲ್ಲದೇ ಎಂಬುದು ನಿಜವಾದ ಪರೀಕ್ಷೆ.

ಪಟ್ಟಿಯಲ್ಲಿ ಇನ್ನೊಂದು ತೊಡಕೂ ಇತ್ತು. 1980ರ ದಶಕದಲ್ಲಿ ಡೊರೊಥಿ ಪ್ಯಾಶ್ಲಿ ಮತ್ತು ಸಂಗಡಿಗರು ನೋಟಕ್ಕೆ ಒಂದೇ ಆಗಿರುವ ಈ ಹುಳುವಿನಲ್ಲಿ ಎರಡು ಆನುವಂಶಿಕ ಬಳಗಗಳಿರುವುದನ್ನು ತೋರಿಸಿದರು. ಒಂದು ಹೆಚ್ಚಾಗಿ ಮೆಕ್ಕೆಜೋಳದಲ್ಲಿ, ಇನ್ನೊಂದು ಭತ್ತ ಮತ್ತು ಮೇವಿನ ಹುಲ್ಲುಗಳಲ್ಲಿ ಸಿಗುತ್ತಿತ್ತು. ಅಂದರೆ ಹಳೆಯ ಪಟ್ಟಿ ಎರಡು ಬಳಗಗಳ ಊಟವನ್ನು ಒಂದೇ ಎಲೆಯಲ್ಲಿ ಬಡಿಸಿತ್ತು!

ಮೆಕ್ಕೆಜೋಳವೂ ಅಮೆರಿಕದ್ದೇ. ಕೊಲಂಬಸನ 1492ರ ಯಾನದ ನಂತರ ಅದು ಹಳೆಯ ಜಗತ್ತಿಗೆ ಬಂತು. ಅದನ್ನು ತಿನ್ನುವ ಹುಳು ಆಫ್ರಿಕದಲ್ಲಿ ಕಾಣಿಸಿಕೊಂಡದ್ದು 2016ರಲ್ಲಿ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಪತ್ತೆಯಾಯಿತು. ಬಳಿಕ ಜೋಳ, ಕಬ್ಬಿನಲ್ಲೂ ಸಿಕ್ಕಿತು. ಆದರೂ ನಮ್ಮಲ್ಲಿ ದೊಡ್ಡ ಪೆಟ್ಟು ತಿಂದದ್ದು ಮೆಕ್ಕೆಜೋಳವೇ.

353 ಎಂಬ ಅಂಕಿ ಕೇಳಿ ರೈತ ಕಂಡ ಬೆಳೆಗೆಲ್ಲ ಔಷಧಿ ಹೊಡೆದರೆ ಹಣ ಹಾಳು. ಹುಳುವನ್ನು ಹಿಡಿಯುವ ಪರಜೀವಿ ಕಣಜಗಳೂ ಸಾಯುತ್ತವೆ. ಪಟ್ಟಿಯನ್ನು ಮರೆತರೂ ಕಷ್ಟ; ಮೆಕ್ಕೆಜೋಳವಿಲ್ಲದ ದಿನಗಳಲ್ಲಿ ಹುಳುವಿಗೆ ಬೇರೆ ಹುಲ್ಲು ಆಸರೆಯಾಗಬಹುದು.

ಶಿಕ್ಷಕರೇ, ನಿಮ್ಮ ವಿದ್ಯಾರ್ಥಿಗಳೊಡನೆ ಒಂದು ಹೊಲವನ್ನು ವಾರಕ್ಕೊಮ್ಮೆ ನೋಡಿ. ಯಾವ ಗಿಡದಲ್ಲಿ ಮೊಟ್ಟೆ, ಯಾವುದರಲ್ಲಿ ಮರಿ, ಯಾವುದರಲ್ಲಿ ಬೆಳೆದ ಹುಳು ಮಾತ್ರ ಎಂದು ಬೇರೆ ಬೇರೆಯಾಗಿ ಬರೆದಿಡಿ. ಒಂದೇ ಕಲಮಿನ ಪಟ್ಟಿಗಿಂತ ಮೂರು ಕಲಮುಗಳ ಆ ಪಟ್ಟಿ ರೈತನಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.