ಸಣ್ಣ ಪಟ್ಟಣದ ಪೋಲೀಸು ನಾಯಿ

ಬಾಗಿಲಲ್ಲಿ ನಾಯಿಯನ್ನು ಕಟ್ಟಿ ನಿಶ್ಚಿಂತೆಯಿಂದ ಮಲಗುವುದು ನಮಗೆ ಹೊಸದಲ್ಲ. ಆದರೆ ಪೋಲೀಸ್ ಇಲಾಖೆಯು ಅದನ್ನು ಕ್ರಮವಾಗಿ ಪಳಗಿಸಿ ಊರ ಕಾವಲಿಗೆ ನಿಲ್ಲಿಸಿದುದು ಈಚಿನ ಮಾತು. 1899ರಲ್ಲಿ ಬೆಲ್ಜಿಯಂ ದೇಶದ ಘೆಂಟ್ ನಗರದಲ್ಲಿ ವಾನ್ ವೆಸೆಮಾಲ್ ಎಂಬ ಅಧಿಕಾರಿಯು ರಾತ್ರಿಯ ಗಸ್ತಿಗೆ ನಾಯಿಗಳನ್ನು ಸೇರಿಸಿದನು. ಎರಡು ವರ್ಷಗಳ ತರುವಾಯ ಜರ್ಮನಿಯ ಷ್ವೆಲ್ಮ್ ಎಂಬ ಚಿಕ್ಕ ಪಟ್ಟಣದಲ್ಲಿ ಸೀಸರ್ ಎಂಬ ಗ್ರೇಟ್ ಡೇನ್ ನಾಯಿ ಪಹರೆಗೆ ಹೊರಟಿತು. ದೊಡ್ಡ ನಗರದಲ್ಲಿ ಸೀಟಿ ಊದಿದರೆ ಹತ್ತು ಜನ ಓಡಿಬಂದಾರು. ಚಿಕ್ಕ ಊರಿನ ಪೋಲೀಸಿನವನಿಗೆ ರಾತ್ರಿ ಎರಡು ಗಂಟೆಯಲ್ಲಿ ಜೊತೆ ಯಾರು? ಅವನ ಕಣ್ಣಿಗೆ ಕಾಣದುದನ್ನು ನಾಯಿಯ ಕಿವಿ ಮೂಗುಗಳು ತಿಳಿಸುತ್ತವೆ. ಈ ಉಪಕಾರವನ್ನು ನಾವು ಅಲ್ಲಗಳೆಯಲಾರೆವು.

ಆ ಮೂಗನ್ನು ನ್ಯಾಯಸ್ಥಾನಕ್ಕೆ ತಂದಾಗಲೇ ತೊಡಕು. ನಾಯಿಗಳನ್ನು ಪಳಗಿಸುವುದರಲ್ಲಿ ಹೆಸರಾದ ಜರ್ಮನಿಯ ಕಾನ್ರಾಡ್ ಮೋಸ್ಟನೇ ಪ್ರಯೋಗ ಮಾಡಿ ನೋಡಿ, ನಾಯಿ ಬಹುಮಟ್ಟಿಗೆ ಹಿಂಬಾಲಿಸುವುದು ತುಳಿದ ಹುಲ್ಲು ಮಣ್ಣುಗಳ ವಾಸನೆಯನ್ನೆಂದು ಕಂಡನು. ಹಾಗಾದರೆ ಹೆಜ್ಜೆ ಇಂಥವನದೇ ಎಂದು ನಿಶ್ಚಯಿಸುವುದೆಂತು? ಭಾರತದ ಸರ್ವೋಚ್ಚ ನ್ಯಾಯಾಲಯವೂ 1969ರಲ್ಲಿ ಇಂಥ ಸಾಕ್ಷ್ಯದ ಮೇಲಣ ಆಕ್ಷೇಪಗಳನ್ನು ಎತ್ತಿ ಹೇಳಿತು: ನಾಯಿಯನ್ನು ಪಾಟೀಸವಾಲಿಗೆ ನಿಲ್ಲಿಸಲಾಗದು, ಅದರ ಮಾತನ್ನು ಅದನ್ನು ನಡೆಸುವವನೇ ಆಡಬೇಕು.

ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ನಾಯಿ ಒಬ್ಬನ ಮನೆಯ ಮುಂದೆ ನಿಂತಿತೆಂದರೆ, ನ್ಯಾಯಾಧೀಶರಿಗಿಂತ ಮೊದಲೇ ಸಂತೆಯವರು ತೀರ್ಪು ಕೊಟ್ಟಿರುತ್ತಾರೆ. ಅವನು ಬಿಡುಗಡೆಯಾಗಿ ಬಂದಮೇಲೂ ನೆರೆಯವರು ಆ ಬಾಗಿಲನ್ನು ತಿರುಗಿ ತಿರುಗಿ ನೋಡಿಕೊಂಡೇ ಹೋಗುತ್ತಾರೆ.