ಉಳಿ ಆಸ್ತಿಯಾ, ಅನ್ನವಾ?

2023ರ ಸೆಪ್ಟೆಂಬರ್ 18. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಸುದ್ದಿಯನ್ನು ನಾನೇ ಓದಿದ್ದೆ. ಅದರ ಹಿಂದಿನ ದಿನವಷ್ಟೇ ಕೇಂದ್ರ ಸರ್ಕಾರ ಪಿಎಂ ವಿಶ್ವಕರ್ಮ ಯೋಜನೆ ಶುರು ಮಾಡಿತ್ತು. 18 ಕಸುಬುಗಳಲ್ಲಿ ಶಿಲ್ಪಿಯದ್ದೂ ಒಂದು. ಉಪಕರಣಕ್ಕೆ 15,000 ರೂಪಾಯಿ. ಒಂಬೈನೂರು ವರ್ಷದ ಹಿಂದೆ ಬೇಲೂರಿನಲ್ಲಿ ಕೆತ್ತಿ, ಕೆಳಗೆ ಹೆಸರು ಬರೆದಿಟ್ಟು ಹೋದ ಬಳ್ಳಿಗಾವೆಯ ದಾಸೋಜ, ಚಾವಣರ ಕಸುಬಿನವರಿಗೆ ಸರ್ಕಾರ ಉಳಿ ಕೊಡಿಸ್ತಿದೆ ಅಂತ ಖುಷಿಪಟ್ಟೆ.

ಆಮೇಲೊಮ್ಮೆ ಚಿತ್ರೀಕರಣಕ್ಕೆ ಹಳೇಬೀಡಿಗೆ ಹೋದಾಗ, ಬಳಪದ ಕಲ್ಲಿನಲ್ಲಿ ಗಣಪನನ್ನು ಕೆತ್ತುತ್ತಿದ್ದ ಹಿರಿಯರೊಬ್ಬರು ಗ್ರೈಂಡರ್ ಆಫ್ ಮಾಡಿ ಕೇಳಿದರು: 'ಸಾರ್, ಈ ಮಷೀನು, ಆ ಹಳೇ ಓಮ್ನಿ ನೋಡಿ ನಮ್ ಕಾರ್ಡ್ ತೆಗ್ದಾಕ್ತಾರಾ?' ಓಮ್ನಿ ವಿಗ್ರಹ ಸಾಗಿಸೋಕೆ. ಕಾರ್ಡ್ ಅಂದರೆ ಬಿಪಿಎಲ್. ನಾನು ಇಂಜಿನಿಯರಿಂಗ್ ಓದಿದವನು, ಗ್ರೈಂಡರ್ ಎಷ್ಟು ಸುತ್ತು ತಿರುಗುತ್ತೆ ಅಂತ ಹೇಳಬಲ್ಲೆ. ಇದಕ್ಕೆ ಉತ್ತರ ಹೇಳೋಕಾಗಲಿಲ್ಲ. ವಾಪಸ್ ಬಂದು ಓದತೊಡಗಿದೆ.

ನೋಡಿ, ಕೋರ್ಟಿಗೆ ಈ ವಿಷಯ ಬಹಳ ಹಿಂದೆಯೇ ಗೊತ್ತಿತ್ತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ತೆಗೆಯಿರಿ. ಸಾಲ ತೀರಿಸದವನ ಆಸ್ತಿ ಜಪ್ತಿ ಮಾಡಬಹುದು, ಆದರೆ ಕಸುಬುದಾರನ ಉಪಕರಣ ಮುಟ್ಟುವಂತಿಲ್ಲ. ರೈತನಾದರೆ ಅವನ ನೇಗಿಲು, ಬದುಕಿಗೆ ಬೇಕಾದಷ್ಟು ದನ, ಬಿತ್ತನೆ ಬೀಜ ಮುಟ್ಟುವಂತಿಲ್ಲ. ಬ್ರಿಟಿಷರ ಕಾಲದ ಕಾನೂನು ಸ್ವಾಮಿ! ಉಳಿ ಕಿತ್ತುಕೊಂಡರೆ ಅವನು ಸಾಲ ತೀರಿಸೋದು ಹೇಗೆ ಅನ್ನೋ ಸಾಮಾನ್ಯ ಲೆಕ್ಕ ಅದು.

ಸ್ವತಂತ್ರ ಭಾರತ ಬಡವರ ಪಟ್ಟಿ ಮಾಡೋಕೆ ಕೂತಾಗ ಈ ಲೆಕ್ಕ ಮರೆತೇಹೋಯ್ತು. 1997ರ ಬಿಪಿಎಲ್ ಗಣತಿಯಲ್ಲಿ ಟಿವಿ, ಫ್ರಿಡ್ಜ್ ಇದ್ದವರ ಜೊತೆಗೇ ತ್ರಿಚಕ್ರ ವಾಹನ, ಪವರ್ ಟಿಲ್ಲರ್ ಇದ್ದವರನ್ನೂ ಹೊರಗಿಟ್ಟರು. ಅಂದರೆ ದುಡಿಯೋ ಆಟೋ ಮತ್ತು ತಣ್ಣಗೆ ನಿಂತಿರೋ ಫ್ರಿಡ್ಜ್ ಎರಡೂ ಒಂದೇ. 2011ರ ಸಾಮಾಜಿಕ ಆರ್ಥಿಕ ಗಣತಿ ಇನ್ನೂ ಮುಂದೆ ಹೋಯ್ತು: ಮೋಟಾರು ಬೈಕಿದ್ದರೆ ಹೊರಗೆ, ಮೋಟಾರು ಮೀನುಗಾರಿಕೆ ದೋಣಿ ಇದ್ದರೆ ಹೊರಗೆ, ಸರ್ಕಾರದಲ್ಲಿ ನೋಂದಾಯಿಸಿದ ಉದ್ಯಮ ಇದ್ದರೆ ಹೊರಗೆ. ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿ 50,000 ಮುಟ್ಟಿದರೂ ಹೊರಗೆ. ಸಾಲ ಸಿಗೋದೂ ಸಿರಿವಂತಿಕೆ! ಇದನ್ನು ಬರೆದವರು ಜೀವನದಲ್ಲಿ ಒಮ್ಮೆಯಾದರೂ ಬೆಳೆಸಾಲಕ್ಕೆ ಕ್ಯೂ ನಿಂತಿದ್ದರಾ?

2021ರ ಫೆಬ್ರವರಿಯಲ್ಲಿ ನಮ್ಮ ಆಹಾರ ಸಚಿವರಾಗಿದ್ದ ಉಮೇಶ ಕತ್ತಿ, ಟಿವಿ, ಫ್ರಿಡ್ಜ್, ಬೈಕ್ ಇರುವವರು ಮಾರ್ಚ್ 31ರೊಳಗೆ ಬಿಪಿಎಲ್ ಕಾರ್ಡ್ ವಾಪಸ್ ಕೊಡಿ ಅಂದಿದ್ದು ನಿಮಗೆ ನೆನಪಿರಬಹುದು. ಗದ್ದಲ ಎದ್ದಿತು, ಸರ್ಕಾರ ಹಿಂದೆ ಸರಿಯಿತು. ಅರಸೀಕೆರೆ ಕಡೆ ತೆಂಗಿನಕಾಯಿ ಕೀಳೋನು ಟಿವಿಎಸ್ ಎಕ್ಸೆಲ್ ಇಲ್ಲದೆ ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹೋಗೋದು ಹೇಗೆ? ಅದು ಅವನಿಗೆ ಶೋಕಿಯಲ್ಲ, ಏಣಿ ಇದ್ದ ಹಾಗೆ. ಗ್ರಾಮೀಣ ಆವಾಸ್ ಯೋಜನೆಯ ನಿಯಮದಿಂದ ಬೈಕು, ಮೀನುಗಾರಿಕೆ ದೋಣಿ ತೆಗೆಯೋಕೆ 2024 ಬರಬೇಕಾಯ್ತು.

ನೋಂದಾಯಿತ ಉದ್ಯಮದ ಸಾಲು ಮಾತ್ರ ಹಾಗೇ ಉಳಿದಿದೆ. ತಮಾಷೆ ನೋಡಿ, ವಿಶ್ವಕರ್ಮ ಯೋಜನೆಗೆ ಸೇರಿದ ಕುಶಲಕರ್ಮಿಯನ್ನು ಸರ್ಕಾರವೇ ಉದ್ಯಮಿ ಅಂತ ಉದ್ಯಮ್ ಅಸಿಸ್ಟ್ ವೇದಿಕೆಯಲ್ಲಿ ನೋಂದಾಯಿಸುತ್ತೆ. ಈ ಎರಡು ಕಾಗದವನ್ನು ಒಟ್ಟಿಗೆ ಓದಿದ ಅಧಿಕಾರಿ ಏನು ಮಾಡ್ಬೇಕು? ನಮ್ಮ ಗೃಹಲಕ್ಷ್ಮಿಯಲ್ಲೂ ಅಷ್ಟೇ. ಗಂಡ ಜಿಎಸ್‌ಟಿ ರಿಟರ್ನ್ ಸಲ್ಲಿಸಿದರೆ ಹೆಂಡತಿಗೆ ತಿಂಗಳ 2,000 ಇಲ್ಲ. ವಹಿವಾಟು ಬೇರೆ, ಲಾಭ ಬೇರೆ ಅನ್ನೋದು ಕೊಬ್ಬರಿ ಮಂಡಿಯ ಹುಡುಗನಿಗೂ ಗೊತ್ತು.

ಹಾಗಂತ ನಮ್ಮ ರಾಜ್ಯದ ಬಿಪಿಎಲ್ ನಿಯಮ ಕುರುಡೇನಲ್ಲ. ನಾಲ್ಕು ಚಕ್ರದ ವಾಹನ ಇದ್ದವರಿಗೆ ಕಾರ್ಡ್ ಇಲ್ಲ ಅಂದರೂ, ಜೀವನೋಪಾಯಕ್ಕೆ ಸ್ವತಃ ಓಡಿಸುವ ಒಂದು ವಾಣಿಜ್ಯ ವಾಹನಕ್ಕೆ, ಅಂದರೆ ಟ್ಯಾಕ್ಸಿ, ಮ್ಯಾಕ್ಸಿಕ್ಯಾಬ್, ಟ್ರಾಕ್ಟರ್ ಥರದ್ದಕ್ಕೆ, ವಿನಾಯಿತಿ ಇದೆ. 1908ರ ವಿವೇಕ ಇಲ್ಲಿ ಸ್ವಲ್ಪ ಉಳಿದಿದೆ.

ಹಳೇಬೀಡಿನ ಆ ಹಿರಿಯರಿಗೆ ಫೋನ್ ಮಾಡಿದೆ. ಗ್ರೈಂಡರ್ ಬಗ್ಗೆ ಭಯ ಬೇಡ, ತೊಂದರೆ ಓಮ್ನಿಯದ್ದು, ಅದಕ್ಕಿರೋದು ಬಿಳಿ ಬೋರ್ಡ್ ಅಂದೆ.

'ಹಳದಿ ಹೊಡ್ಸಿದ್ರೆ ಸಾಕಾ ಸಾರ್?'

ಬಣ್ಣ ಹೊಡೆಸಿದರೆ ಆಗಲ್ಲ, ಪರ್ಮಿಟ್ಟು, ಎಫ್‌ಸಿ, ತೆರಿಗೆ ಎಲ್ಲ ಇದೆ ಅಂತ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಈ ಗಣಪ ಮುಗೀಲಿ, ಆಮೇಲ್ ನೋಡಾಣ' ಅಂದರು. ಹಿಂದೆಯೇ ಗ್ರೈಂಡರ್ ಸದ್ದು ಶುರುವಾಯ್ತು.