ಲೋಕಶಕ್ತಿ–ಭಾರತೀಯ ಜನತಾ ಪಕ್ಷ ಮೈತ್ರಿಕೂಟ (1998–1999)

ಕರ್ನಾಟಕದಲ್ಲಿ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಲೋಕಶಕ್ತಿಯೂ ಭಾರತೀಯ ಜನತಾ ಪಕ್ಷವೂ ಕೂಡಿ ರಚಿಸಿದ ಚುನಾವಣಾ ಮೈತ್ರಿಕೂಟ. ಎರಡು ಲೋಕಸಭಾ ಚುನಾವಣೆಗಳ ನಡುವಣ ಅಲ್ಪಾವಧಿಯಲ್ಲಿಯೇ ಉದಯಾಸ್ತಗಳೆರಡನ್ನೂ ಕಂಡಿತು.

ಉಗಮ: ಎಚ್.ಡಿ. ದೇವೇಗೌಡರು ಪ್ರಧಾನಿಯಾದ 1996ರಲ್ಲಿಯೇ ಜನತಾದಳದಿಂದ ಉಚ್ಚಾಟಿತರಾದ ಹೆಗಡೆಯವರು ಲೋಕಶಕ್ತಿಯನ್ನು ಸ್ಥಾಪಿಸಿ, ಉತ್ತರ ಕರ್ನಾಟಕದಲ್ಲಿ ತಮಗಿದ್ದ ಜನಾದರವನ್ನು ಅದಕ್ಕೆ ಧಾರೆಯೆರೆದರು. 1996ರಲ್ಲಿ ರಾಜ್ಯದಿಂದ ಆರು ಲೋಕಸಭಾ ಸ್ಥಾನಗಳನ್ನಷ್ಟೇ ಪಡೆದಿದ್ದ ಭಾರತೀಯ ಜನತಾ ಪಕ್ಷಕ್ಕೆ ಈ ಸ್ನೇಹವು ಮಹತ್ತರವಾದ ಬಲವನ್ನಿತ್ತಿತು.

ಉತ್ಕರ್ಷ: 1998ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ ಭಾರತೀಯ ಜನತಾ ಪಕ್ಷಕ್ಕೆ 13, ಲೋಕಶಕ್ತಿಗೆ 3 ದೊರೆತವು, ಚಿಕ್ಕಮಗಳೂರಿನಲ್ಲಿ ಭಾರತೀಯ ಜನತಾ ಪಕ್ಷದ ಡಿ.ಸಿ. ಶ್ರೀಕಂಠಪ್ಪನವರು ಜಯಶಾಲಿಗಳಾದರು. ಹೆಗಡೆಯವರು ವಾಜಪೇಯಿ ಸಂಪುಟದಲ್ಲಿ ವಾಣಿಜ್ಯ ಸಚಿವರಾದುದು ಆ ಜಿಲ್ಲೆಯ ಮಲ್ಲಂದೂರು, ಮೂಡಿಗೆರೆ, ಕಳಸಗಳ ಕಾಫಿ ತೋಟಗಾರರಿಗೆ ದೂರದ ದೆಹಲಿಯ ವಾರ್ತೆಯಾಗಿರಲಿಲ್ಲ. ಏಕೆಂದರೆ 1942ರ ಕಾಫಿ ಕಾಯಿದೆಯನ್ವಯ ನಡೆಯುವ ಕಾಫಿ ಮಂಡಳಿಯು ಆ ಸಚಿವಾಲಯದ ಅಧೀನದಲ್ಲಿದ್ದಿತು, ಮತ್ತು ಬೆಳೆಯನ್ನು ಮಂಡಳಿಗೇ ಒಪ್ಪಿಸಬೇಕಾಗಿದ್ದ ಪೂಲ್ ಪದ್ಧತಿ ತೊಲಗಿ ಬೆಳೆಗಾರನು ತನ್ನ ಫಸಲನ್ನು ತಾನೇ ಮಾರುವ ಸ್ವಾತಂತ್ರ್ಯವೂ, ಅದರೊಡನೆ ಬೆಲೆಯ ಏರಿಳಿತದ ಹೊರೆಯೂ ಆಗಷ್ಟೇ ಅವನ ಪಾಲಿಗೆ ಬಂದಿದ್ದವು.

ವಿಘಟನೆ: 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರವು ಒಂದೇ ಮತದಿಂದ ಪತನಗೊಂಡಿತು. ಜುಲೈನಲ್ಲಿ ಜನತಾದಳವು ಒಡೆದು, ಮುಖ್ಯಮಂತ್ರಿ ಜೆ.ಎಚ್. ಪಟೇಲರ ಬಣವೂ ಲೋಕಶಕ್ತಿಯೂ ಜನತಾದಳ (ಸಂಯುಕ್ತ) ಎಂಬ ಹೆಸರಿನಡಿ ಒಂದಾಗಿ ಭಾರತೀಯ ಜನತಾ ಪಕ್ಷದ ಕೈಹಿಡಿದವು. ಯಾವ ಸರ್ಕಾರದ ವಿರುದ್ಧ ಐದು ವರ್ಷ ಹೋರಾಡಿದ್ದರೋ ಅದರ ನಾಯಕನಿಗಾಗಿಯೇ ಮತ ಯಾಚಿಸಬೇಕಾದ ಸಂಕಟವು ಭಾರತೀಯ ಜನತಾ ಪಕ್ಷದ ರಾಜ್ಯ ಘಟಕದಲ್ಲಿ ತೀವ್ರ ಅಸಮಾಧಾನವನ್ನು ಹುಟ್ಟಿಸಿತು. ಆ ವರ್ಷದ ವಿಧಾನಸಭಾ ಹಾಗೂ ಲೋಕಸಭಾ ಚುನಾವಣೆಗಳಲ್ಲಿ ಹಲವು ಕಡೆ ಮಿತ್ರರೇ ಪರಸ್ಪರ ಎದುರಾಳಿಗಳಾಗಿ ನಿಂತರು. 224 ಸ್ಥಾನಗಳ ವಿಧಾನಸಭೆಯಲ್ಲಿ ಕಾಂಗ್ರೆಸ್ 132ನ್ನು ಗಳಿಸಿತು. ಭಾರತೀಯ ಜನತಾ ಪಕ್ಷ 44ಕ್ಕೂ, ಸಂಯುಕ್ತ ದಳ 18ಕ್ಕೂ ನಿಂತವು. ಪಟೇಲರೂ ಭಾರತೀಯ ಜನತಾ ಪಕ್ಷದ ನಾಯಕ ಬಿ.ಎಸ್. ಯಡಿಯೂರಪ್ಪನವರೂ ಸ್ವಕ್ಷೇತ್ರಗಳಲ್ಲಿ ಪರಾಜಿತರಾದರು. ಆದರೆ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರವು ಶ್ರೀಕಂಠಪ್ಪನವರನ್ನೇ ಪುನಃ ಆರಿಸಿತು.

ಪರಿಣಾಮ: ಪಟೇಲರು 2000ದಲ್ಲಿಯೂ ಹೆಗಡೆಯವರು 2004ರಲ್ಲಿಯೂ ನಿಧನರಾದ ಬಳಿಕ ರಾಜ್ಯದಲ್ಲಿ ಸಂಯುಕ್ತ ದಳವು ಕ್ಷೀಣಿಸಿತು. ನಾಯಕರ ಒಪ್ಪಂದವನ್ನು ಕಾರ್ಯಕರ್ತನು ಮನಸಾರೆ ಅಂಗೀಕರಿಸದಿದ್ದರೆ ಅದು ಮತವಾಗಿ ಫಲಿಸದೆಂಬುದನ್ನು 1999ರ ಫಲಿತಾಂಶವು ಸ್ಥಾಪಿಸಿತು. ಆದರೆ ಹೆಗಡೆಯವರ ಹಿಂದೆ ಬಂದಿದ್ದ ಉತ್ತರ ಕರ್ನಾಟಕದ ಮತದಾರರಲ್ಲಿ ಬಹುಮಂದಿ ಭಾರತೀಯ ಜನತಾ ಪಕ್ಷದಲ್ಲಿಯೇ ನೆಲೆನಿಂತರು. ವಿಧಾನಸಭೆಯಲ್ಲಿ 2004ರಲ್ಲಿ 79, 2008ರಲ್ಲಿ 110 ಸ್ಥಾನಗಳನ್ನು ಗಳಿಸಿದ ಆ ಪಕ್ಷದ ಬೆಳವಣಿಗೆಗೆ ಈ ಅಲ್ಪಾಯುಷಿ ಮೈತ್ರಿಯೂ ಒಂದು ಪ್ರಧಾನ ಕಾರಣವಾಯಿತು.